43 ಕುದುರೆಗಳು ಸಾಕೇ?

ಮಾಟುಂಗದ ನಮ್ಮ ವಾಚಕರೊಬ್ಬರು, ಬ್ಯಾಂಕೊಂದರಲ್ಲಿ ಬಹುಕಾಲ ಗುಮಾಸ್ತರಾಗಿದ್ದು ನಿವೃತ್ತರಾದವರು, ಕಳೆದ ತಿಂಗಳು ನಮ್ಮ ಕಚೇರಿಗೆ ಬಂದು ಮೇಜಿನ ಮೇಲೆ ಒಂದು ಭಾವಚಿತ್ರವನ್ನಿಟ್ಟರು. ಮಗನದೋ ಮೊಮ್ಮಗನದೋ ಇರಬಹುದೆಂದು ಎತ್ತಿ ನೋಡಿದರೆ ಅದೊಂದು ಪುಟ್ಟ ಮೋಟರುಗಾಡಿಯ ಚಿತ್ರ. ಮೇಲೆ ಸೂರಿಲ್ಲ, ಇಬ್ಬರಿಗೆ ಮಾತ್ರ ಆಸನ, ಮೂತಿಯ ಮೇಲೆ ಎರಡು ದುಂಡು ದೀಪಗಳು ಕಪ್ಪೆಯ ಕಣ್ಣುಗಳಂತೆ ಉಬ್ಬಿ ನಿಂತಿವೆ. ಇಂಗ್ಲೆಂಡಿನ ಕವೆಂಟ್ರಿ ನಗರದಲ್ಲಿ ಉದ್ಯೋಗದಲ್ಲಿರುವ ಅವರ ಮಗನು ಕೂಡಿಟ್ಟ ಹಣದಿಂದ ಅದನ್ನು ಕೊಂಡಿದ್ದಾನೆ. 1959ರಲ್ಲಿ ತಯಾರಾದ ಆಸ್ಟಿನ್-ಹೀಲಿ ಸ್ಪ್ರೈಟ್ ಅದು.

“ಗಾಡಿ ಸುಂದರವಾಗಿದೆಯಂತೆ, ಆದರೆ ಎಂಜಿನು ಸಾಲದಂತೆ” ಎಂದು ಹಿರಿಯರು ನಿಟ್ಟುಸಿರಿಟ್ಟರು. ಒಂದು ಭಾನುವಾರ ಆ ತರುಣನು ಕವೆಂಟ್ರಿಯಿಂದ ಲೆಸ್ಟರಿಗೆ ಹೋಗುವ ಎಂ-69 ಎಂಬ ಹೆದ್ದಾರಿಯಲ್ಲಿ ಹೊರಟಿದ್ದನು. ಮುಂದೆ ಒಂದು ಭಾರಿ ಲಾರಿ, ಹಿಂದೆ ಇನ್ನೊಂದು. ಮುಂದಿನದನ್ನು ಹಿಂದಿಕ್ಕಲು ಬದಿಯ ಸಾಲಿಗೆ ಬಂದು ಪೆಡಲನ್ನು ನೆಲಕ್ಕೆ ತಾಗುವವರೆಗೆ ಒತ್ತಿದರೂ ವೇಗ ಏರಲಿಲ್ಲ. ಸ್ವಲ್ಪ ಏರುದಾರಿ ಬಂದೊಡನೆ ಇಳಿಯಲೂ ತೊಡಗಿತು. ಹಿಂದಿನಿಂದ ಬಂದ ದೊಡ್ಡ ಕಾರುಗಳು ದೀಪ ಮಿಂಚಿಸಿ ಗದರಿಸಿದವು. ಜತೆಯಲ್ಲಿದ್ದ ಸೊಸೆ ಅಂದಿನಿಂದ ಆ ಗಾಡಿಯನ್ನು ಹತ್ತಿಲ್ಲ. ಗ್ಯಾರೇಜಿನವನು, ಮೂಲದ 948 ಸಿ.ಸಿ. ಎಂಜಿನನ್ನು ಕಿತ್ತು ಅದೇ ಕುಲದ 1275 ಸಿ.ಸಿ. ಎಂಜಿನನ್ನು ಕೂರಿಸಿದರೆ ಎಲ್ಲವೂ ಸರಿಹೋಗುವುದೆಂದು ಹೇಳಿದ್ದಾನೆ. ತರುಣನು ಮುಂಗಡವನ್ನೂ ಕೊಟ್ಟುಬಿಟ್ಟಿದ್ದಾನೆ. ಹಳೆಯ ಎಂಜಿನು ಲೆಕ್ಕಕ್ಕೆ ವಜಾ ಆಗಿ ಮಾರುವವನ ಪಾಲಾಗತಕ್ಕದ್ದು. “ನಾನು ಅವನಿಗೆ ಏನೆಂದು ಬರೆಯಲಿ?” ಎಂಬುದು ತಂದೆಯ ಪ್ರಶ್ನೆ. ಯಂತ್ರಗಳ ವಿಷಯದಲ್ಲಿ ಕೈಯಿಂದ ಹಣ ಕಳೆದುಕೊಂಡು ಕಲಿತವರೆಂಬ ಖ್ಯಾತಿ ನಮಗಿರುವುದರಿಂದ ನಮ್ಮಲ್ಲಿಗೆ ಬಂದಿದ್ದರು.

ಪ್ರಶ್ನೆಯನ್ನು ನಾವು ಹಗುರಾಗಿ ತೆಗೆದುಕೊಳ್ಳಲಿಲ್ಲ. ಸೊಸೆಯ ಭಯವೂ ನಿಜ, ಒಮ್ಮೆ ಕೈಬಿಟ್ಟ ಎಂಜಿನು ಮರಳಿ ಬಾರದೆಂಬುದೂ ನಿಜ.

ಈ ಗಾಡಿಯ ಹಿಂದೆ ಇದ್ದವರು ಡೊನಾಲ್ಡ್ ಹೀಲಿ; 1931ರಲ್ಲಿ ಮಾಂಟೆ ಕಾರ್ಲೋ ರ‍್ಯಾಲಿಯನ್ನು ಗೆದ್ದ ಸಾಹಸಿ. ದೊಡ್ಡ ಕ್ರೀಡಾಗಾಡಿಗಳ ಬೆಲೆ ಸಾಮಾನ್ಯ ಸಂಬಳದಾರನಿಗೆ ಎಟುಕದೆ ಹೋದುದನ್ನು ಕಂಡು ಅವರೂ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನವರೂ ಕೂಡಿ ಅಗ್ಗದ ಗಾಡಿಯೊಂದನ್ನು ಯೋಜಿಸಿದರು. ಅಗ್ಗವಾಗಬೇಕಾದರೆ ಹೊಸದಾಗಿ ಏನನ್ನೂ ಮಾಡಕೂಡದು. ಅಂತೆಯೇ ಎಂಜಿನನ್ನೂ ಮುಂದಿನ ತೂಗುವ್ಯವಸ್ಥೆಯನ್ನೂ ಆಸ್ಟಿನ್ ಎ-35 ಎಂಬ ಮನೆವಾರ್ತೆಯ ಕಾರಿನಿಂದಲೂ ಚುಕ್ಕಾಣಿಯ ಯಂತ್ರವನ್ನು ಮಾರಿಸ್ ಮೈನರಿನಿಂದಲೂ ತೆಗೆದುಕೊಂಡರು. ದೀಪಗಳು ಬೇಕಾದಾಗ ಎದ್ದು ಬೇಡವಾದಾಗ ಮಲಗುವಂತೆ ಮಾಡಬೇಕೆಂದಿದ್ದ ಏರ್ಪಾಡನ್ನು ಖರ್ಚಿನ ಕಾರಣ ಕೈಬಿಟ್ಟು, ಎದ್ದೇ ಇರುವಂತೆ ಕೂರಿಸಿದರು. ಕಪ್ಪೆಗಣ್ಣು ಬಂದದ್ದು ಹೀಗೆ! ಹಿಂದೆ ಸಾಮಾನಿನ ಪೆಟ್ಟಿಗೆಗೆ ಮುಚ್ಚಳವಿಲ್ಲ, ಬಾಗಿಲಿಗೆ ಹೊರಗಿನ ಹಿಡಿಯೂ ಇಲ್ಲ. 1958ರ ಮೇ 20ರಂದು ಮಾಂಟೆ ಕಾರ್ಲೋದಲ್ಲಿ ಗಾಡಿಯ ಬಿಡುಗಡೆಯಾಯಿತು. ಬೆಲೆ ತೆರಿಗೆ ಸಹಿತ ಸುಮಾರು 669 ಪೌಂಡು. ಆಬಿಂಗ್‌ಡನ್ ಊರಿನ ಎಂ.ಜಿ. ಕಾರ್ಖಾನೆಯಲ್ಲಿ ಈ ಮೊದಲನೆಯ ಮಾದರಿಯ ಸುಮಾರು 49,000 ಗಾಡಿಗಳು ತಯಾರಾದವು.

ಎಂಜಿನಿನ ವಂಶವೂ ಬಡ ವಂಶವೇ. 1951ರಲ್ಲಿ ಆಸ್ಟಿನ್ ಎ-30ಕ್ಕೆಂದು 803 ಸಿ.ಸಿ. ಗಾತ್ರದಲ್ಲಿ ಹುಟ್ಟಿ, 1956ರಲ್ಲಿ 948ಕ್ಕೆ ಬೆಳೆಯಿತು. ಎ-35ರಲ್ಲಿ ಅದು ಕೊಡುತ್ತಿದ್ದುದು 34 ಅಶ್ವಶಕ್ತಿ. ಸ್ಪ್ರೈಟಿಗೆ ಬರುವಾಗ ಒಂದು ಕಾರ್ಬ್ಯುರೇಟರಿನ ಬದಲು ಎರಡು ಎಸ್.ಯು. ಕಾರ್ಬ್ಯುರೇಟರುಗಳನ್ನು ಜೋಡಿಸಿ ಮತ್ತಿತರ ತಿದ್ದುಪಡಿಗಳಿಂದ 43ಕ್ಕೆ ಏರಿಸಿದರು. ಇಂಗ್ಲೆಂಡಿನ ‘ಮೋಟರ್’ ಪತ್ರಿಕೆಯವರು 1958ರಲ್ಲಿ ಪರೀಕ್ಷಿಸಿದಾಗ ಪರಮವೇಗ ಗಂಟೆಗೆ 82.9 ಮೈಲು, ನಿಂತಲ್ಲಿಂದ 60 ಮೈಲಿನ ವೇಗಕ್ಕೆ ಮುಟ್ಟಲು 20.5 ಸೆಕೆಂಡು. ಇಂದಿನ ಸಾಧಾರಣ ಕಾರು ಇದರ ಅರ್ಧ ಹೊತ್ತಿನಲ್ಲಿ ಆ ವೇಗವನ್ನು ಮುಟ್ಟಬಲ್ಲುದು.

ಹಾಗಾದರೆ 43 ಕಡಿಮೆಯೇ? ಮುಂಬಯಿಯ ನಮ್ಮ ವಾಚಕರಿಗೆ ಬಲ್ಲ ಒಂದು ಗಾಡಿಯ ಪಕ್ಕದಲ್ಲಿ ಇದನ್ನು ನಿಲ್ಲಿಸಿ ನೋಡೋಣ. ಕುರ್ಲಾದಲ್ಲಿ ತಯಾರಾಗುತ್ತಿದ್ದು, ಕಪ್ಪು ಹಳದಿ ಟ್ಯಾಕ್ಸಿಯಾಗಿ ದಶಕಗಳ ಕಾಲ ನಮ್ಮೆಲ್ಲರನ್ನೂ ಹೊತ್ತು, 2023ರ ಅಕ್ಟೋಬರದಲ್ಲಿ ರಸ್ತೆಯಿಂದ ನಿವೃತ್ತವಾದ ಪ್ರೀಮಿಯರ್ ಪದ್ಮಿನಿಯ ಪೆಟ್ರೋಲ್ ಎಂಜಿನು 1089 ಸಿ.ಸಿ.; ಶಕ್ತಿ ಸುಮಾರು 40. ಗಾಡಿಯ ತೂಕ ಸುಮಾರು 900 ಕಿಲೋಗ್ರಾಂ. ಚಾಲಕನೂ ಮೂವರು ಪ್ರಯಾಣಿಕರೂ ಕುಳಿತರೆ 1,170 ದಾಟುತ್ತದೆ. ಮೇಲಿನ ಕ್ಯಾರಿಯರಿನ ಮೇಲೆ ಊರಿಗೆ ಹೊರಟವರ ಟ್ರಂಕುಗಳ ಲೆಕ್ಕ ಬೇರೆ. ಸ್ಪ್ರೈಟಿನ ತೂಕವಾದರೋ ಸುಮಾರು 660 ಕಿಲೋಗ್ರಾಂ. ಒಬ್ಬನು ಕುಳಿತರೆ 730. ಒಂದು ಟನ್ನಿಗೆ ಇಷ್ಟು ಕುದುರೆಗಳೆಂದು ಭಾಗಿಸಿದರೆ ತುಂಬಿದ ಪದ್ಮಿನಿಗೆ 34, ಸ್ಪ್ರೈಟಿಗೆ 59. ಅಂದಮೇಲೆ ಎಂಜಿನಿನ ಗಾತ್ರವನ್ನು ಕೇಳಿ ಮೂಗು ಮುರಿಯುವುದು ನ್ಯಾಯವಲ್ಲ. ಎಳೆಯಬೇಕಾದ ಹೊರೆಯನ್ನೂ ಕೇಳತಕ್ಕದ್ದು.

ಆದರೂ ಎಂ-69ರಲ್ಲಿ ಆದುದು ಆಯಿತಷ್ಟೆ. ಏಕೆಂದರೆ ಹೊರೆ ಎಂದರೆ ತೂಕವೊಂದೇ ಅಲ್ಲ, ಗಾಳಿಯೂ ಹೊರೆಯೇ. ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನದಂತೆ ಬೆಳೆಯುತ್ತದೆ: 50 ಮೈಲಿನ ವೇಗದಲ್ಲಿ ಒಂದು ಪಾಲು ಬೇಕಾದರೆ 70ರಲ್ಲಿ ಎರಡೂ ಮುಕ್ಕಾಲು ಪಾಲು ಬೇಕು. ಪಟ್ಟಣವಾಸಿಯಾದ ಗುಮಾಸ್ತನ ಸುಖ ಅವನ ಸಂಬಳದ ಮೊತ್ತದಲ್ಲಿಲ್ಲ, ಕೋಣೆಯ ಬಾಡಿಗೆ ಕಳೆದು ಕೈಯಲ್ಲುಳಿಯುವುದರಲ್ಲಿದೆ. ಎಂಜಿನಿನ ಸ್ಥಿತಿಯೂ ಅದೇ. 45 ಮೈಲಿನ ವೇಗದಲ್ಲಿ ಈ ಪುಟ್ಟ ಎಂಜಿನಿನ ಕೈಯಲ್ಲಿ ಬೇಕಾದಷ್ಟು ಉಳಿತಾಯವಿರುತ್ತದೆ. 65ರಲ್ಲಿ ಗಾಳಿ ಎಂಬ ಮಾಲೀಕನು ಬಹುಪಾಲನ್ನು ಕಿತ್ತುಕೊಂಡಿರುತ್ತಾನೆ. ಆಗ ಏರು ಬಂದರೆ ಸಾಲ ಮಾಡಬೇಕು.

ಇಲ್ಲಿ ಇತಿಹಾಸದ ಒಂದು ಸಂಗತಿಯನ್ನು ಗಮನಿಸಬೇಕು. ಸ್ಪ್ರೈಟ್ ಬಿಡುಗಡೆಯಾದ ದಿನ ಬ್ರಿಟನ್ನಿನಲ್ಲಿ ಮೋಟರ್‌ವೇ ಎಂಬುದು ಒಂದು ಮೈಲೂ ಇರಲಿಲ್ಲ. ಮೊಟ್ಟಮೊದಲನೆಯದಾದ ಪ್ರೆಸ್ಟನ್ ಬೈಪಾಸ್ ತೆರೆದದ್ದು 1958ರ ಡಿಸೆಂಬರದಲ್ಲಿ; ಎಂ-1 ಹೆದ್ದಾರಿಯ ಮೊದಲ ದೀರ್ಘ ಭಾಗ 1959ರ ನವೆಂಬರದಲ್ಲಿ. 43 ಅಶ್ವಶಕ್ತಿಯನ್ನು ಅಳೆದು ಕೊಟ್ಟವರು ಅಳೆದದ್ದು ಬೇಲಿಗಳ ನಡುವಿನ ಓರೆಕೋರೆ ಹಳ್ಳಿದಾರಿಗಳಿಗೆ. ಆ ದಾರಿಗಳಲ್ಲಿ ಸ್ಪ್ರೈಟ್ ದೊಡ್ಡ ಗಾಡಿಗಳನ್ನು ತಿರುವುತಿರುವಿನಲ್ಲಿಯೂ ಕೆಣಕುತ್ತಿತ್ತು. 1959ರಲ್ಲಿ ಅಮೆರಿಕದ ಸೆಬ್ರಿಂಗ್‌ನ 12 ಗಂಟೆಗಳ ಸ್ಪರ್ಧೆಯಲ್ಲಿ ತನ್ನ ವರ್ಗದ ಮೊದಲ ಮೂರು ಸ್ಥಾನಗಳನ್ನೂ ಗೆದ್ದುಕೊಂಡಿತು. (ಅವು ಪಳಗಿಸಿದ ಗಾಡಿಗಳು, ಮನೆಯ ಗಾಡಿಯಿಂದ ಅದನ್ನು ನಿರೀಕ್ಷಿಸಬಾರದು.) ಇಂದಿನ ಮೋಟರ್‌ವೇಯಲ್ಲಿ ಕಾರಿಗೆ ಮಿತಿ 70 ಮೈಲು, ಭಾರಿ ಲಾರಿಗಳು ವೇಗಮಿತಿಯಂತ್ರದ ದೆಸೆಯಿಂದ 56 ಮೈಲಿನ ಆಸುಪಾಸಿನಲ್ಲಿ ಸಾಲಾಗಿ ಹೋಗುತ್ತವೆ. ನಮ್ಮ ತರುಣನು ಸಿಕ್ಕಿಬಿದ್ದದ್ದು ಇವೆರಡರ ನಡುವಿನ ಇರುಕಿನಲ್ಲಿ.

ದೊಡ್ಡ ಎಂಜಿನು ಹಾಕಿದರೆ ಇರುಕು ಬಿಡಿಸದೇ? ಬಿಡಿಸುತ್ತದೆ, ಅನುಮಾನವಿಲ್ಲ. 1966ರಿಂದ ಸ್ಪ್ರೈಟಿಗೇ ಕಾರ್ಖಾನೆಯವರು ಹಾಕಿದ 1275 ಸಿ.ಸಿ. ಎಂಜಿನಿನ ಶಕ್ತಿ 65. ಅದು ಹಳೆಯದರ ಸ್ಥಾನದಲ್ಲಿ ಹೆಚ್ಚಿನ ಕಷ್ಟವಿಲ್ಲದೆ ಕೂರುತ್ತದೆ. ಒಂದೇ ಮೂಲದ ಎಂಜಿನಿನ ಬೇರೆ ಗಾತ್ರವಾದ್ದರಿಂದ, 40 ವರ್ಷ ಮೀರಿದ ಗಾಡಿಗಳಿಗೆ ವಾರ್ಷಿಕ ತಪಾಸಣೆಯಿಂದ ಅಲ್ಲಿಯ ಸರ್ಕಾರ ಕೊಟ್ಟಿರುವ ವಿನಾಯಿತಿಗೂ ಧಕ್ಕೆ ಬರುವುದಿಲ್ಲ. ಕಾನೂನಿನ ಅಡ್ಡಿಯಿಲ್ಲ, ಅಡ್ಡಿ ಇರುವುದು ಬೇರೆ ಕಡೆ.

ನಾವು ಹೋಟೆಲು ನಡೆಸುತ್ತಿದ್ದಾಗ ರುಬ್ಬುವ ಯಂತ್ರ ನಿಧಾನವಾಯಿತೆಂದು ಅಡುಗೆಯವರು ದೂರಿದರು. ನಾವು ಹಿಂದುಮುಂದು ನೋಡದೆ ಒಂದು ಅಶ್ವಶಕ್ತಿಯ ಮೋಟರನ್ನು ತೆಗೆಸಿ ಎರಡರದನ್ನು ಹಾಕಿಸಿದೆವು. ಮೂರನೆಯ ವಾರ ಬೆಲ್ಟು ಹರಿಯಿತು. ಗಟ್ಟಿ ಬೆಲ್ಟು ಹಾಕಿಸಿದ ಮೇಲೆ ಬೇರಿಂಗು ಹೋಯಿತು. ಬೇರಿಂಗು ಹಾಕಿಸಿದ ಮೇಲೆ ಕಲ್ಲಿನ ಅಚ್ಚೇ ಮುರಿದು ಒಂದು ಬೆಳಗಿನ ದೋಸೆ ನಿಂತುಹೋಯಿತು. ಕೊನೆಗೆ ತಿಳಿದದ್ದೇನೆಂದರೆ ಹಳೆಯ ಮೋಟರಿಗೆ ಬರುತ್ತಿದ್ದ ವಿದ್ಯುತ್ತಿನ ತಂತಿಯೊಂದು ಸಡಿಲವಾಗಿತ್ತು! ಅಡುಗೆಯವರು ಇಂದಿಗೂ ಆ ಮಾತನ್ನೆತ್ತಿ ನಗುತ್ತಾರೆ.

ಸ್ಪ್ರೈಟಿನಲ್ಲಿಯೂ ಬೆಲ್ಟು, ಬೇರಿಂಗು, ಅಚ್ಚುಗಳ ಸರದಿ ಇದೆ. 948ರ ಜತೆ ಬಂದ ಗೇರುಪೆಟ್ಟಿಗೆ 1275ರ ಸೆಳೆತವನ್ನು ಬಹುಕಾಲ ತಾಳಲಾರದು. ಮುಂದಿನ ಮಾದರಿಯ ಗಟ್ಟಿ ಪೆಟ್ಟಿಗೆಯನ್ನು ಹುಡುಕಬೇಕು. ಹಿಂದಿನ ಚಕ್ರಗಳಿಗೆ ಶಕ್ತಿಯನ್ನು ಒಯ್ಯುವ ದಂಡಗಳು ಮೊದಲೇ ಸೂಕ್ಷ್ಮವೆಂದು ಹೆಸರು ಪಡೆದವು. ಎಲ್ಲಕ್ಕಿಂತ ಮುಖ್ಯವಾದದ್ದು ಬ್ರೇಕು. ಮೊದಲನೆಯ ಸ್ಪ್ರೈಟಿನ ನಾಲ್ಕು ಚಕ್ರಗಳಿಗೂ ಇದ್ದದ್ದು 7 ಅಂಗುಲದ ಡ್ರಮ್ ಬ್ರೇಕುಗಳು. 1962ರಲ್ಲಿ ಎಂಜಿನನ್ನು 1098 ಸಿ.ಸಿ.ಗೆ ಏರಿಸಿದಾಗ ಕಾರ್ಖಾನೆಯವರು ಅದರೊಡನೆಯೇ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಕೊಟ್ಟರು. ತಯಾರಿಸಿದವರೇ ಓಟವನ್ನು ಹೆಚ್ಚಿಸುವಾಗ ನಿಲುಗಡೆಯನ್ನೂ ಹೆಚ್ಚಿಸಿದರೆಂದ ಬಳಿಕ, ಗ್ಯಾರೇಜಿನವನು ಎಂಜಿನಿನ ಬೆಲೆಯನ್ನು ಮಾತ್ರ ಹೇಳಿ ಬ್ರೇಕಿನ ಮಾತೆತ್ತದೆ ಹೋದುದನ್ನು ನಾವು ಮೆಚ್ಚಲಾರೆವು. ಸೊಸೆಯ ಭಯ ಓಟದ ಕೊರತೆಯಿಂದ ಹುಟ್ಟಿದ್ದು. ನಿಲ್ಲದ ಗಾಡಿ ಅದಕ್ಕಿಂತ ದೊಡ್ಡ ಭಯವನ್ನು ಹುಟ್ಟಿಸೀತು.

ಇನ್ನೊಂದು ಸಣ್ಣ ಉಪಾಯವೂ ಉಂಟು. ಮೂಲದ ಹಿಂಬದಿಯ ಗೇರಿನ ಪ್ರಮಾಣ 4.22. ಅದರಿಂದ 60 ಮೈಲಿನ ವೇಗದಲ್ಲಿ ಎಂಜಿನು ನಿಮಿಷಕ್ಕೆ ಸುಮಾರು 3,900 ಸುತ್ತು ತಿರುಗಿ ಕಿವಿ ಚುಚ್ಚುವಂತೆ ಕೂಗುತ್ತದೆ. ಮುಂದಿನ ಮಾದರಿಗಳ 3.9 ಪ್ರಮಾಣದ ಗೇರನ್ನು ಹಾಕಿದರೆ ಸುಮಾರು 3,600ಕ್ಕೆ ಇಳಿದು ಸಮತಟ್ಟಿನಲ್ಲಿ ಪ್ರಯಾಣ ಹಿತವಾಗುತ್ತದೆ. ಆದರೆ ಏರಿನಲ್ಲಿ ಸೆಳೆತ ಅಷ್ಟರಮಟ್ಟಿಗೆ ಕುಂದುತ್ತದೆ. ಗದ್ದಲದ ದೂರು ಇದ್ದವರಿಗೆ ಇದು ಒಳ್ಳೆಯ ಮದ್ದು. ಏರು ಹತ್ತದೆಂಬ ದೂರಿಗೆ ಅಲ್ಲ.

ಇಷ್ಟನ್ನೂ ವಿಚಾರಿಸಿ ನಾವು ಹಿರಿಯರಿಗೆ ಹೇಳಿದ್ದಿಷ್ಟು: ಮಗನು ದಿನವೂ ಮೋಟರ್‌ವೇಯಲ್ಲಿಯೇ ಕೆಲಸಕ್ಕೆ ಹೋಗಿಬರಬೇಕಾದವನಾದರೆ, ಮೂಲ ವಸ್ತುವೆಂಬ ಮೋಹಕ್ಕೆ ಒಳಗಾಗದೆ 1275ನ್ನೇ ಹಾಕಿಸಲಿ, ಆದರೆ ಬ್ರೇಕು, ಗೇರುಪೆಟ್ಟಿಗೆಗಳ ಖರ್ಚನ್ನು ಸೇರಿಸಿ ಲೆಕ್ಕ ಹಾಕಲಿ. ಹಳೆಯ ಎಂಜಿನನ್ನು ವಜಾಕ್ಕೆ ಕೊಡದೆ ಎಣ್ಣೆ ಹಚ್ಚಿ ಪೆಟ್ಟಿಗೆಯಲ್ಲಿ ಕಟ್ಟಿಡಲಿ. ಭಾನುವಾರದ ಸಂಚಾರಕ್ಕೆಂದು ಕೊಂಡದ್ದಾದರೆ ಲೆಸ್ಟರಿಗೆ ಹಳೆಯ ದಾರಿಯೂ ಇದೆ. ಆ ದಾರಿಗೆ 43 ಧಾರಾಳವಾಗಿ ಸಾಕು. ಎರಡಕ್ಕೂ ಮೊದಲು ಎಂಜಿನು ಈಗ ನಿಜವಾಗಿ 43ನ್ನು ಕೊಡುತ್ತಿದೆಯೇ ಎಂದು ನೋಡಲಿ. ಆ ಸಂಖ್ಯೆ 1958ರ ಹೊಸ ಎಂಜಿನಿನದು. ಅರುವತ್ತು ವರ್ಷ ದಾಟಿದ ಎಂಜಿನಿನ ಉಂಗುರಗಳು ಸವೆದಿರಬಹುದು, ಕಾರ್ಬ್ಯುರೇಟರಿನ ಕಡ್ಡಿಗಳ ಬಳಿ ಗಾಳಿ ನುಸುಳುತ್ತಿರಬಹುದು, ಕಿಡಿಯ ಕಾಲ ತಪ್ಪಿರಬಹುದು. ಇನ್ನೊಂದು ಕಾರಣವೂ ಇದೆ: ಬ್ರಿಟನ್ನಿನಲ್ಲಿ 2000ದ ಆರಂಭದಿಂದ ಸೀಸ ಬೆರೆತ ಪೆಟ್ರೋಲಿನ ಸಾಮಾನ್ಯ ಮಾರಾಟ ನಿಂತಿದೆ. ಈ ಎಂಜಿನುಗಳ ವಾಲ್ವಿನ ಪೀಠಗಳಿಗೆ ಆ ಸೀಸವೇ ರಕ್ಷೆಯಾಗಿತ್ತು. ಗಟ್ಟಿ ಉಕ್ಕಿನ ಪೀಠಗಳನ್ನು ಕೂರಿಸದೆ ವೇಗವಾಗಿ ಓಡಿಸಿದರೆ ಹೊಗೆಯ ವಾಲ್ವು ತನ್ನ ಪೀಠವನ್ನೇ ತಿನ್ನುತ್ತ ಒಳಗೆ ಇಳಿಯುತ್ತದೆ. ನಾಲ್ಕು ಸಿಲಿಂಡರುಗಳ ಒತ್ತಡವನ್ನು ಅಳೆಯುವ ಸಣ್ಣ ಮಾಪಕವೊಂದಿದೆ. ಅರ್ಧ ಗಂಟೆಯ ಕೆಲಸ. ಅಳೆದು ಬರೆಯಲಿ ಎಂದೆವು.

ಈ ಬರಹ ಅಚ್ಚಿಗೆ ಹೋಗುವ ಮುನ್ನ ಹಿರಿಯರು ಮತ್ತೆ ಬಂದಿದ್ದರು. ಮಗನು ಅಳೆದಿದ್ದಾನೆ. ಚದರ ಅಂಗುಲಕ್ಕೆ ಪೌಂಡುಗಳ ಲೆಕ್ಕದಲ್ಲಿ ಮೊದಲನೆಯ ಸಿಲಿಂಡರು 150, ಎರಡನೆಯದು 145, ನಾಲ್ಕನೆಯದು 150; ಮೂರನೆಯದು 85. ತಲೆಯ ಭಾಗವನ್ನು ಬಿಚ್ಚಿ ನೋಡಿದಾಗ ಮೂರನೆಯದರ ಹೊಗೆಯ ವಾಲ್ವು ಅಂಚಿನಲ್ಲಿ ಸುಟ್ಟು ಚೂರು ಹಾರಿತ್ತಂತೆ. ಹೊಸ ವಾಲ್ವುಗಳನ್ನೂ ಉಕ್ಕಿನ ಪೀಠಗಳನ್ನೂ ಕೂರಿಸಲು ಕೊಟ್ಟಿದ್ದಾನೆ. ಅದಾದ ಬಳಿಕ ಬ್ಯಾನ್‌ಬರಿಯ ದಾರಿಯಲ್ಲಿರುವ ಸನ್‌ರೈಸಿಂಗ್ ಹಿಲ್ ಎಂಬ ಕಡಿದಾದ ಏರನ್ನು ಹತ್ತಿಸಿ ನೋಡುವನಂತೆ. ಹೆಂಡತಿಯೂ ಜತೆಗೆ ಬರಲು ಒಪ್ಪಿದ್ದಾಳೆ. 1275 ಎಂಜಿನಿಗೆ ಕೊಟ್ಟ ಮುಂಗಡವನ್ನು ಹಿಂದಕ್ಕೆ ಕೇಳಿದ್ದಾನೆ. ಮಾರುವವನಿಂದ ಇನ್ನೂ ಉತ್ತರ ಬಂದಿಲ್ಲ.