ಅಂಗಡಿಗೆ ಬೀಗ ಹಾಕುವ ಮುನ್ನ

ಹೋಳಿ ಹುಣ್ಣಿಮೆ ಕಳೆಯಿತೆಂದರೆ ಉಮರಗಾ, ನಿಲಂಗಾ, ಉದಗೀರ ಸೀಮೆಯ ಕರಿನೆಲ ಬಿರಿಯತೊಡಗುತ್ತದೆ. ಬದುವಿನ ಹುಲ್ಲು ಒಣಗಿರುತ್ತದೆ. ಕಣದ ಬಣವಿಗೆ ಒಂದು ಬೀಡಿಯ ಕಿಡಿ ಸಾಕು. ಪೇಟೆಯ ಅಡತಿ ಅಂಗಡಿಗಳಲ್ಲಿ ತೊಗರಿ, ಕಡಲೆಯ ಚೀಲಗಳು ಮಾಳಿಗೆ ಮುಟ್ಟಿರುತ್ತವೆ. ಬೆಂಕಿಯ ಭಯ ರೈತನಿಗೆಷ್ಟೋ ವ್ಯಾಪಾರಿಗೂ ಅಷ್ಟೇ.

ಬೆಂಕಿಯಲ್ಲಿಯೂ ತೇಜಸ್ಕಾಯ ಜೀವವನ್ನು ಕಂಡ ಧರ್ಮ ನಮ್ಮದು. ಶ್ರಾವಕನು ತೊರೆಯಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಕಾಡಿಗೆ ಕಿಚ್ಚಿಡುವುದೂ ಒಂದು. ಹೊಲ ಹಸನು ಮಾಡಲು ಕಸಕ್ಕೆ ಬೆಂಕಿ ಹಚ್ಚಿದರೆ ಇರುವೆ, ಮೊಲ, ನೆಲದ ಮೇಲೆ ಗೂಡು ಕಟ್ಟಿದ ಹಕ್ಕಿಯ ಮರಿ ಎಲ್ಲವೂ ಸುಡುತ್ತವೆ. ಕಡ್ಡಿ ಗೀರಿದವನು ನಮ್ಮ ಹೊಲ ಮಾಡುವವನೇ ಇರಬಹುದು. ಆದರೆ ಕೃತ, ಕಾರಿತ, ಅನುಮೋದಿತ ಎಂಬ ಮೂರು ಮಾತುಗಳನ್ನು ನಾವು ಮರೆಯಲಾದೀತೇ? ಕಸವನ್ನು ಮಣ್ಣಿಗೆ ಸೇರಿಸಲು ಹೇಳೋಣ. ಬಣವಿಯ ಸುತ್ತ ನೇಗಿಲು ಹೊಡೆಸಿ ಬರಿ ಮಣ್ಣಿನ ಪಟ್ಟಿ ಬಿಡಿಸೋಣ.

1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸಿಡಿಯಿತು. ಅದರಲ್ಲಿ ಹತ್ತಿಯ ಅಂಡಿಗೆಗಳೂ ಇದ್ದವು, ಮದ್ದುಗುಂಡುಗಳೂ ಇದ್ದವು. ಬೆಂಕಿ ಆರಿಸಲು ಹೋದ 66 ಮಂದಿ ಅಗ್ನಿಶಾಮಕರು ಮರಳಲಿಲ್ಲ. ಆ ದಿನವನ್ನೇ ಇಂದಿಗೂ ಅಗ್ನಿಶಾಮಕ ದಿನವೆಂದು ಆಚರಿಸುತ್ತಾರೆ. ಎಂಥ ಸರಕಿನ ಪಕ್ಕ ಎಂಥ ಸರಕು ಇಡಬೇಕೆಂಬುದು ವ್ಯಾಪಾರಿ ಕಲಿಯಬೇಕಾದ ಮೊದಲ ಪಾಠ.

ನಮ್ಮ ಊರುಗಳಲ್ಲಿ ಬಂಬು ನಗರ ಪರಿಷತ್ತಿನದು. 101ಕ್ಕೋ 112ಕ್ಕೋ ಫೋನು ಮಾಡಿದರೆ ಬರುತ್ತದೆ. ಆದರೆ ಗಲ್ಲಿಯಲ್ಲಿ ಸ್ಕೂಟರು, ಕೈಗಾಡಿ, ಚೀಲಗಳನ್ನು ನಾವೇ ಒಟ್ಟಿದ್ದರೆ ಅದು ಒಳಗೆ ಬರುವುದಾದರೂ ಹೇಗೆ? ಹಳ್ಳಿಗಳಿಗಂತೂ ತಾಲೂಕಿನಿಂದಲೇ ಬರಬೇಕು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ನಸುಕಿನಲ್ಲಿ ಮೊದಲು ಕೈಚಾಚಿದವರು ಅಕ್ಕಪಕ್ಕದವರೇ. ಬೆಂಕಿಯ ಮೊದಲ ಐದು ನಿಮಿಷವೂ ಅವರದೇ.

ದೀಪಾವಳಿಯಂದು ಭಗವಾನ್ ಮಹಾವೀರರ ನಿರ್ವಾಣವನ್ನು ನೆನೆದು ಅಂಗಡಿಯಲ್ಲಿ ದೀಪ ಹಚ್ಚುತ್ತೇವೆ. ದೀಪ ಉರಿಯುತ್ತಿರುವಾಗಲೇ ಶಟರ್ ಎಳೆದು ಮನೆಗೆ ಹೋಗುವವರೂ ನಮ್ಮಲ್ಲಿದ್ದಾರೆ. ಎಣ್ಣೆ, ಬತ್ತಿ, ಪಕ್ಕದಲ್ಲಿ ಬಟ್ಟೆಯ ಥಾನು! ಆ ದೀಪದ ಬಳಿ ಒಬ್ಬರು ಕುಳಿತಿರಲಿ. ಏಳುವಾಗ ಶಾಂತಗೊಳಿಸಿ ಏಳಲಿ. ಇದರಿಂದ ಭಕ್ತಿಗೆ ಕುಂದಿಲ್ಲ.

ಉಳಿದ ಮಾತುಗಳು ಸಣ್ಣವು. ರಾತ್ರಿ ಮೇನ್ ಸ್ವಿಚ್ ಆರಿಸಿರಿ. ದಾಲ್ ಮಿಲ್ಲಿನ ಧೂಳನ್ನು ದಿನವೂ ಗುಡಿಸಿರಿ. ಗಾಳಿಯಲ್ಲಿ ತುಂಬಿದ ಕಾಳಿನ ಧೂಳು ಸಿಡಿಯಬಲ್ಲದು. ವಿದ್ಯುತ್ತಿನ ಬೆಂಕಿಗೆ ನೀರು ಬೇಡ. ಕಾದ ಎಣ್ಣೆ ಹೊತ್ತಿಕೊಂಡರೆ ಗ್ಯಾಸು ನಿಲ್ಲಿಸಿ ತಟ್ಟೆ ಮುಚ್ಚಿರಿ. ಬೆಂಕಿ ಆರಿಸುವ ಸಿಲಿಂಡರನ್ನು ಮೂಲೆಯಲ್ಲಿ ಬಚ್ಚಿಡದೆ ಬಾಗಿಲ ಬಳಿ ತೂಗುಹಾಕಿರಿ. ಪಿನ್ನು ಎಳೆದು ಬೆಂಕಿಯ ಬುಡಕ್ಕೆ ಹಿಡಿಯುವುದನ್ನು ಗುಮಾಸ್ತನಿಗೂ ಮನೆಯ ಹೆಣ್ಣುಮಕ್ಕಳಿಗೂ ಕಲಿಸಿರಿ. ಅಂಗಡಿಯ ಒಂದು ಕೀಲಿ ನಂಬಿಕೆಯ ನೆರೆಯವರಲ್ಲಿರಲಿ.

ಬರುವ ಚತುರ್ದಶಿಗೆ ಬಸದಿಯಲ್ಲಿ ಸೇರಿದಾಗ ಪೇಟೆಯ ಯಾವ ಬಾವಿ, ಯಾವ ಬೋರಿನಲ್ಲಿ ನೀರಿದೆ ಎಂದು ಒಂದು ಹಾಳೆಯಲ್ಲಿ ಬರೆದಿಡೋಣ. ಪರಿಗ್ರಹ ಕಡಿಮೆ ಮಾಡಿರೆಂದು ಗುರುಗಳು ಹೇಳುತ್ತಾರೆ. ಇದ್ದುದನ್ನು ಅಜಾಗರೂಕತೆಗೆ ಆಹುತಿ ಕೊಡಿರೆಂದು ಯಾರೂ ಹೇಳಿಲ್ಲ. ಎಚ್ಚರವೂ ಅಹಿಂಸೆಯೇ.