ಲಾರಿಗೆ ಕೆಲಸವಿಲ್ಲದ ದಾರಿಗಳು

ಸೈಕಲ್ ಕೊಡಿಸಿದ ದಿನವೇ ಅಪ್ಪ ಅಮ್ಮ ಹಾಕುವ ಮೊದಲ ಷರತ್ತು, 'ಮೇನ್ ರೋಡಿಗೆ ಮಾತ್ರ ಹೋಗಕೂಡದು'. ಷರತ್ತು ಸರಿಯೇ. ಆದರೆ ಹೋಗಬಾರದ ರಸ್ತೆಯನ್ನು ತೋರಿಸುವವರು ಹೋಗಬಹುದಾದ ರಸ್ತೆಯನ್ನು ತೋರಿಸುವುದಿಲ್ಲ. ಹಾಗಾಗಿ ಮಕ್ಕಳ ಸೈಕಲ್ ಮನೆ, ಶಾಲೆ, ಟ್ಯೂಷನ್ ಎಂಬ ತ್ರಿಕೋನದೊಳಗೇ ಸುತ್ತಿ ಸುತ್ತಿ, ಹತ್ತನೇ ತರಗತಿ ಮುಗಿಯುವ ಹೊತ್ತಿಗೆ ಮಹಡಿ ಮೆಟ್ಟಿಲ ಕೆಳಗೆ ಸೇರುತ್ತದೆ. ಹುಡುಗಿಯ ಸೈಕಲ್ ಆದರೆ ಇನ್ನೂ ಎರಡು ವರ್ಷ ಮೊದಲೇ.

ಹಳ್ಳಿಯ ಮಕ್ಕಳ ಕಥೆ ಬೇರೆ. ಕರ್ನಾಟಕದಲ್ಲಿ ಎಂಟನೇ ತರಗತಿಯವರಿಗೆ ಸರ್ಕಾರ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಆರಂಭವಾದಾಗ, ಪಕ್ಕದೂರಿನ ಹೈಸ್ಕೂಲಿಗೆ ನಡೆದು ಹೋಗಬೇಕಿದ್ದ ಮಕ್ಕಳು ಪೆಡಲ್ ತುಳಿಯತೊಡಗಿದರು. ಅವರಿಗೆ ಊರ ಹೊರಗಿನ ಕಿರುದಾರಿ ನಿತ್ಯದ ಹಾದಿ. ಪೇಟೆಯ ಮಕ್ಕಳಿಗೆ ಅದೇ ದಾರಿ ಬಸ್ಸಿನ ಕಿಟಕಿಯಾಚೆ ಕಂಡು ಮರೆಯಾಗುವ ಒಂದು ತಿರುವು, ಅಷ್ಟೆ.

ಆ ತಿರುವಿನೊಳಗೆ ಹೋಗುವುದು ಹೇಗೆ? ಮೊದಲು ಒಂದು ಸರಳ ಸೂತ್ರ ತಿಳಿದಿರಲಿ. ಲಾರಿಗೆ ಯಾವ ರಸ್ತೆಯಲ್ಲಿ ಕೆಲಸವಿಲ್ಲವೋ ಅದೇ ಸೈಕಲ್ಲಿನ ರಸ್ತೆ. ಎರಡು ದೊಡ್ಡ ಊರುಗಳನ್ನು ನೇರವಾಗಿ ಸೇರಿಸುವ ದಾರಿ ಎಷ್ಟೇ ಚೆಂದವಿರಲಿ, ಅಲ್ಲಿ ಬಸ್ಸು ಲಾರಿಗಳು ಓಡಿಯೇ ಓಡುತ್ತವೆ. ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ಅಂಕುಡೊಂಕಾಗಿ ಹೋಗುವ ದಾರಿಯಲ್ಲಿ ಬರುವುದು ಹಾಲಿನ ಗಾಡಿ, ಒಂದೆರಡು ಮೊಪೆಡ್, ಸಂಜೆಗೆ ಕುರಿ ಮಂದೆ. 2000ದ ಡಿಸೆಂಬರಿನಲ್ಲಿ ಶುರುವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಇಂಥ ಎಷ್ಟೋ ದಾರಿಗಳಿಗೆ ಡಾಂಬರು ಹಾಕಿಸಿತು. ಆ ರಸ್ತೆಗಳ ಡಾಂಬರಿನ ಅಗಲ ಸಾಮಾನ್ಯವಾಗಿ 3.75 ಮೀಟರ್, ಓಡಾಟ ತೀರಾ ಕಡಿಮೆಯಿದ್ದರೆ 3 ಮೀಟರ್. ಎದುರಿಗೆ ಇನ್ನೊಂದು ಗಾಡಿ ಬಂದರೆ ಯಾರಾದರೂ ಮಣ್ಣಿಗಿಳಿಯಲೇಬೇಕು. ಅವಸರದ ಡ್ರೈವರ್ ಇಂಥ ಕಡೆ ಬರುವುದಿಲ್ಲ. ರಸ್ತೆ ಕಿರಿದಾದದ್ದೇ ಸೈಕಲ್ಲಿಗೆ ಒಂದು ರಕ್ಷಣೆ.

ಮಾತಿಗೆ ಒಂದು ದಾರಿಯನ್ನೇ ಹಿಡಿಯೋಣ: ಶ್ರೀರಂಗಪಟ್ಟಣದಿಂದ ಪಾಂಡವಪುರ, ತೊಣ್ಣೂರು ಹಾದು ಮೇಲುಕೋಟೆ. ಒಟ್ಟು ಸುಮಾರು 35 ಕಿ.ಮೀ. ಮೈಸೂರಿನವರು ಮನೆಯಿಂದಲೇ ಹೊರಡಬೇಕೆಂದರೆ ಬೆಂಗಳೂರು ಹೆದ್ದಾರಿಯ ಕಡೆ ತಲೆಹಾಕಬೇಡಿ. ಅದರ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳನ್ನೂ ಎಂಜಿನ್ ಇಲ್ಲದ ಗಾಡಿಗಳನ್ನೂ ಬಿಡುವುದಿಲ್ಲ. ಸರ್ವಿಸ್ ರಸ್ತೆಯ ಗಲಾಟೆಯೂ ಸಾಕುಬೇಕಾಗುವಷ್ಟಿದೆ. ಬೆಳಗೊಳ, ಪಾಲಹಳ್ಳಿ ಕಡೆಯಿಂದ ಬಳಸಿ ಬಂದರೆ ಕೆಲವು ಕಿ.ಮೀ. ಹೆಚ್ಚಾದೀತು, ನಷ್ಟವೇನಿಲ್ಲ, ನಡುವೆ ರಂಗನತಿಟ್ಟು ಸಿಗುತ್ತದೆ.

ಶ್ರೀರಂಗಪಟ್ಟಣವೆಂಬ ದ್ವೀಪವೇ ಮೊದಲ ಪಾಠಕ್ಕೆ ಸಾಕು. ಎಂಟನೇ ಒಂಬತ್ತನೇ ತರಗತಿಯ ಮಕ್ಕಳನ್ನು ಮೊದಲ ಸಲ ಕರೆದೊಯ್ಯುವವರು ಮೇಲುಕೋಟೆಯ ಆಸೆ ಬಿಟ್ಟು, ಕೋಟೆಯಿಂದ ದರಿಯಾ ದೌಲತ್, ಗಂಜಾಂ, ಗುಂಬಜ್, ಸಂಗಮದವರೆಗೆ ಹೋಗಿ ಹಿಂತಿರುಗಲಿ. ಏರು ಎಂಬುದೇ ಇಲ್ಲ. ರೈಲು ನಿಲ್ದಾಣದ ಬಳಿ ಒಂದು ನಿಮಿಷ ಇಳಿದು, ಟಿಪ್ಪು ಕಾಲದ ಮದ್ದಿನ ಮನೆಯನ್ನು ನೋಡಿ. ಜೋಡಿ ಹಳಿಗೆ ಜಾಗ ಮಾಡಲು 2017ರಲ್ಲಿ ಆ ಕಟ್ಟಡವನ್ನು ಒಡೆಯದೆ ಇಡಿಯಾಗಿ ಪಕ್ಕಕ್ಕೆ ಸರಿಸಿದರು! ಎಂಜಿನಿಯರಿಂಗ್ ಕನಸಿನ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಪ್ರಾತ್ಯಕ್ಷಿಕೆ ಬೇಕೆ?

ನಾಲೆ ಹೇಳುವ ಭೂಗೋಳ

ಊರು ದಾಟಿ ಪಾಂಡವಪುರದ ದಿಕ್ಕಿಗೆ ತಿರುಗಿದರೆ ನೀರಿನ ಸೀಮೆ. ಗದ್ದೆ, ಕಬ್ಬು, ತೆಂಗು. ಕನ್ನಂಬಾಡಿ ಕಟ್ಟೆಯ ಎಡದಂಡೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಹಾಯುವ ಪ್ರದೇಶ ಇದು. ಮೊದಲು ಇದಕ್ಕೆ ಇರ್ವಿನ್ ನಾಲೆ ಎಂಬ ಹೆಸರಿತ್ತು. ನಾಲೆಯ ನೀರು ತಾನಾಗಿ ಹರಿಯಬೇಕಾದ್ದರಿಂದ ಅದರ ಹಾದಿ ಗುಡ್ಡ ಹತ್ತುವುದಿಲ್ಲ, ಕಣಿವೆಗೆ ಧುಮುಕುವುದಿಲ್ಲ. ನೆಲದ ಒಂದೇ ಮಟ್ಟವನ್ನು ಹುಡುಕುತ್ತ, ಕಣ್ಣಿಗೆ ಕಾಣದಷ್ಟು ಇಳಿಜಾರಿನಲ್ಲಿ ಬಳಸಿಕೊಂಡು ಸಾಗುತ್ತದೆ. ಅದರ ಪಕ್ಕದ ದಾರಿಯೂ ಹಾಗೆಯೇ. ಗೇರ್ ಇಲ್ಲದ ಸೈಕಲ್ಲಿಗೆ ಇದಕ್ಕಿಂತ ಅನುಕೂಲದ ರಸ್ತೆ ಬೇರೆ ಸಿಗದು.

ಇನ್ನೊಂದು ವಿಷಯವನ್ನು ಗಮನಿಸಿ. ನಾಲೆಯ ಕೆಳಮಗ್ಗುಲು ಹಸಿರು ಗದ್ದೆ, ಮೇಲ್ಮಗ್ಗುಲು ರಾಗಿ, ಹುರುಳಿಯ ಹೊಲ. ನಡುವೆ ಇರುವುದು ಕೆಲವೇ ಮಾರು ಅಂತರ. ಒಂದು ಕಡೆ ಕಟ್ಟುನೀರಿನ ಲೆಕ್ಕಾಚಾರ, ಇನ್ನೊಂದು ಕಡೆ ಮೋಡದ ದಾರಿ ಕಾಯುವುದು. ಸಮಾಜ ವಿಜ್ಞಾನದ ಪುಸ್ತಕದಲ್ಲಿ 'ನೀರಾವರಿ', 'ಮಳೆಯಾಶ್ರಿತ' ಎಂದು ಎರಡು ಸಾಲಿನಲ್ಲಿ ಮುಗಿಯುವ ಸಂಗತಿ ಇಲ್ಲಿ ಹ್ಯಾಂಡಲ್ಲಿನ ಎಡಬಲಕ್ಕೆ ಕಾಣುತ್ತದೆ. ಕಾರಿನಲ್ಲಿ ಹೋದವರಿಗೆ ಇದು ಕಾಣುವುದಿಲ್ಲವೆಂದಲ್ಲ, ಕಾಣುವಷ್ಟು ಹೊತ್ತು ಸಿಗುವುದಿಲ್ಲ.

ಆದರೆ ಹೆತ್ತವರು ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಬೇಕು. ಸದ್ದಿಲ್ಲದ ರಸ್ತೆಯೆಲ್ಲ ಅಪಾಯವಿಲ್ಲದ ರಸ್ತೆಯಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ಇದೇ ನಾಲೆಗೆ ಉರುಳಿ ಸುಮಾರು 30 ಮಂದಿ ಸತ್ತರು. ಶನಿವಾರ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ತಡೆಗೋಡೆ ಇಲ್ಲದ ಏರಿಯ ಮೇಲೆ ಸೈಕಲ್ ಸವಾರಿ ಒಬ್ಬರ ಹಿಂದೆ ಒಬ್ಬರಂತೆ ಇರಬೇಕು, ಜೋಡಿಯಾಗಿ ಹರಟುತ್ತ ಅಲ್ಲ. ಎದುರು ಟ್ರ್ಯಾಕ್ಟರ್ ಕಂಡರೆ ನೀರಿನ ಕಡೆಗಲ್ಲ, ಹೊಲದ ಕಡೆಗೆ ಇಳಿದು ನಿಲ್ಲುವುದು. ಈಜು ಬರುತ್ತದೆಂಬ ಧೈರ್ಯದಲ್ಲಿ ನಾಲೆಗೆ ಕಾಲಿಡುವುದು ಬೇಡವೇ ಬೇಡ. ಮೇಲೆ ತಣ್ಣಗೆ ಕಾಣುವ ನೀರು ಒಳಗೆ ಸೆಳೆಯುತ್ತದೆ. ಹತ್ತಿ ಬರಲು ಮೆಟ್ಟಿಲು ಎಲ್ಲ ಕಡೆ ಇರುವುದಿಲ್ಲ.

ಪಾಂಡವಪುರಕ್ಕೆ ಹಿಂದೆ ಹಿರೋಡೆ ಎಂದೂ, ಹೈದರ್ ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಕಾರಣ ಫ್ರೆಂಚ್ ರಾಕ್ಸ್ ಎಂದೂ ಹೆಸರಿತ್ತು. ಊರ ಪಕ್ಕದ ಕುಂತಿ ಬೆಟ್ಟ ದೂರದಿಂದಲೇ ದಾರಿ ತೋರುತ್ತದೆ. ಅಲ್ಲಿಂದ ಸುಮಾರು ಹತ್ತು ಕಿ.ಮೀ. ತುಳಿದರೆ ಕೆರೆತೊಣ್ಣೂರು. ಎರಡು ಗುಡ್ಡಗಳ ನಡುವೆ ಏರಿ ಹಾಕಿ ನಿಲ್ಲಿಸಿದ ಈ ದೊಡ್ಡ ಕೆರೆಯ ನೀರು ಮುತ್ತಿನಂತೆ ತಿಳಿಯಾಗಿದೆಯೆಂದು ಮೋತಿ ತಲಾಬ್ ಎಂಬ ಹೆಸರೂ ಬಂತು. ರಾಮಾನುಜಾಚಾರ್ಯರ ನೆನಪಿನೊಡನೆ ಬೆಸೆದ ಊರು. ಹೊಯ್ಸಳರ ಕಾಲದ ನಂಬಿನಾರಾಯಣ ದೇವಾಲಯದ ಅಂಗಳದಲ್ಲಿ ಅರ್ಧ ಗಂಟೆ ಕೂತು ಬುತ್ತಿ ಬಿಚ್ಚಬಹುದು. ಚಿಕ್ಕ ಮಕ್ಕಳಿದ್ದರೆ ಇಲ್ಲಿಂದಲೇ ಹಿಂತಿರುಗುವುದು ಜಾಣತನ.

ಏಕೆಂದರೆ ಮುಂದಿರುವುದು ಏರು. ಗದ್ದೆಗಳು ಹಿಂದೆ ಸರಿದು, ಕುರುಚಲು ಕಾಡು, ಬಂಡೆಗುಂಡು ಕಾಣತೊಡಗುತ್ತವೆ. ತೋಳಗಳ ರಕ್ಷಣೆಗಾಗಿ 1974ರಲ್ಲಿ ಘೋಷಿಸಿದ ವನ್ಯಧಾಮ ಈ ಮೇಲುಕೋಟೆ ಕಾಡು. ಹಳ್ಳಿದಾರಿ ಇಲ್ಲಿ ನಾಗಮಂಗಲದ ಕಡೆಯ ರಾಜ್ಯ ಹೆದ್ದಾರಿಗೆ ಮುಖಾಮುಖಿಯಾಗುತ್ತದೆ. ಇಡೀ ಸವಾರಿಯಲ್ಲಿ ಹಿರಿಯರೊಬ್ಬರು ಜೊತೆಗಿರಲೇಬೇಕಾದ ಜಾಗ ಇದೇ. ಜಕ್ಕನಹಳ್ಳಿಯಲ್ಲಿ ಮೇಲುಕೋಟೆಗೆ ತಿರುಗಿದ ಮೇಲೆ ಉಳಿದದ್ದು ಐದಾರು ಕಿ.ಮೀ.

ಏರು ಎಷ್ಟು ಕಡಿದು ಎಂಬುದನ್ನು ಮನೆಯಲ್ಲೇ ಕೂತು ಲೆಕ್ಕ ಹಾಕಬಹುದು. ಸರ್ವೆ ಆಫ್ ಇಂಡಿಯಾದ ನಕ್ಷೆಗಳು ಒಂದು ಕಾಲಕ್ಕೆ ಸುಲಭವಾಗಿ ಕೈಗೆ ಸಿಗುತ್ತಿರಲಿಲ್ಲ. 2017ರಿಂದ ಅವನ್ನು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ಅದರಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿ.ಮೀ. ಒಂದು ಸಮೋನ್ನತ ರೇಖೆಯಿಂದ ಮುಂದಿನದಕ್ಕೆ 20 ಮೀಟರ್ ಎತ್ತರ. ನಿಮ್ಮ ರಸ್ತೆ ಒಂದು ಕಿ.ಮೀ.ನಲ್ಲಿ ಎರಡು ಹಂತ ಹತ್ತಿದರೆ ಏರು ಶೇಕಡಾ 4; ಉಸಿರು ಹಿಡಿದು ತುಳಿಯಬಹುದು. ನಾಲ್ಕು ಹಂತವಾದರೆ ಇಳಿದು ತಳ್ಳಿಕೊಂಡು ಹೋಗುವುದೇ ಸರಿ, ಅದರಲ್ಲಿ ಅವಮಾನವೇನಿಲ್ಲ. ಫೋನಿನ ನಕ್ಷೆ ದಾರಿ ತೋರಿಸುತ್ತದೆ, ನಿಜ. ಆದರೆ ಅದಕ್ಕೆ ಹತ್ತಿರದ ದಾರಿಯ ಮೇಲೇ ಮೋಹ. ನಮಗೆ ಬೇಕಾದದ್ದು ಬಳಸುದಾರಿ.

ರಸ್ತೆಯೇ ಕಣವಾದಾಗ

ನವೆಂಬರಿನಿಂದ ಫೆಬ್ರುವರಿಯವರೆಗೆ ಸವಾರಿಗೆ ಒಳ್ಳೆಯ ಕಾಲ. ಮಳೆ ಹಿಂದೆ ಸರಿದಿರುತ್ತದೆ, ಬಿಸಿಲು ಇನ್ನೂ ಎಳೆಯದು. ತಮಾಷೆಯೆಂದರೆ ಹಳ್ಳಿಯವರಿಗೂ ರಸ್ತೆ ಬೇಕಾಗುವುದು ಆಗಲೇ. ಕೊಯ್ದ ರಾಗಿ ತೆನೆ, ಹುರುಳಿ ಬಳ್ಳಿಗಳನ್ನು ಡಾಂಬರಿನ ಮೇಲೆ ಹರಡಿ, ಹೋಗಿಬರುವ ಗಾಡಿಗಳ ಚಕ್ರದಲ್ಲೇ ಒಕ್ಕಣೆ ಮುಗಿಸುತ್ತಾರೆ. ಕಾರಿನವರು ಇದರ ಮೇಲೆ ಗೊಣಗುತ್ತ ಹೋಗುತ್ತಾರೆ. ಸೈಕಲ್ಲಿನವರು ಗೊಣಗುವಂತೆಯೂ ಇಲ್ಲ, ಮೇಲೆ ಹೋಗುವಂತೆಯೂ ಇಲ್ಲ. ಒಣಗಿದ ಹುರುಳಿ ಬಳ್ಳಿ ಚೈನಿಗೂ ಫ್ರೀವೀಲಿಗೂ ಸುತ್ತಿಕೊಳ್ಳುತ್ತದೆ, ಉದುರಿದ ಕಾಳಿನ ಮೇಲೆ ಚಕ್ರ ಜಾರುತ್ತದೆ. ಇಳಿದು, ಪಕ್ಕದ ಮಣ್ಣಿನಲ್ಲಿ ತಳ್ಳಿಕೊಂಡು ದಾಟಿ. ಅದು ಯಾರದೋ ವರ್ಷದ ದುಡಿಮೆ. ಹಾಗೆ ಇಳಿದವರನ್ನು ಯಾವ ಊರು, ಎಲ್ಲಿಗೆ ಹೊರಟಿರಿ ಎಂದು ಕೇಳದೆ ಬಿಡುವುದಿಲ್ಲ. ಮುಂದಿನ ದಾರಿಯ ಹಳ್ಳ ಗುಂಡಿಗಳ ವಿಷಯವನ್ನು ಅವರಷ್ಟು ಸರಿಯಾಗಿ ಯಾವ ಯಂತ್ರವೂ ಹೇಳಲಾರದು.

ಕಬ್ಬು ನುರಿಸುವ ಕಾಲದಲ್ಲಿ ಇನ್ನೊಂದು ಎಚ್ಚರ ಬೇಕು. ಟ್ರೇಲರಿನ ಎರಡೂ ಕಡೆ ಜೋತ ಕಬ್ಬು, ಹಿಂದೆ ದೀಪವಿಲ್ಲ. ಕತ್ತಲಾದ ಮೇಲೆ ಈ ರಸ್ತೆಗಳಲ್ಲಿ ಇರಲೇಬೇಡಿ. ಊರ ಮುಂದಿನ ಹಂಪುಗಳಿಗೆ ಬಣ್ಣವೂ ಇರುವುದಿಲ್ಲ. ಇನ್ನು ನಾಯಿಗಳು: ಓಡಿದರೆ ಅಟ್ಟಿಸಿಕೊಂಡು ಬರುತ್ತವೆ, ಇಳಿದು ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆದರೆ ಬಹುಪಾಲು ಸುಮ್ಮನಾಗುತ್ತವೆ.

ಸೈಕಲ್ ದುಬಾರಿಯದೇ ಆಗಬೇಕಿಲ್ಲ. ಒಂದೇ ಗೇರಿನ ಸಾದಾ ಸೈಕಲ್ಲಿನ ಹಿಂದಿನ ಫ್ರೀವೀಲಿಗೆ 18 ಹಲ್ಲಿದ್ದರೆ 20 ಅಥವಾ 22ರದನ್ನು ಹಾಕಿಸಿ. ವೇಗ ಸ್ವಲ್ಪ ತಗ್ಗುತ್ತದೆ, ಏರು ಹಗುರಾಗುತ್ತದೆ. ಪಂಕ್ಚರ್ ಹಾಕುವುದನ್ನು ಹೊರಡುವ ಮೊದಲೇ ಮನೆಯಂಗಳದಲ್ಲಿ ಕಲಿಸಿ. ಎರಡು ಬಾಟಲಿ ನೀರು, ಹೆಲ್ಮೆಟ್, ಒಂದು ಪಂಪು. ಗಂಟೆಗೆ 12 ಕಿ.ಮೀ.ಗಿಂತ ಹೆಚ್ಚಿನ ಲೆಕ್ಕ ಹಾಕಬೇಡಿ. ಬೆಳಗ್ಗೆ ಆರಕ್ಕೆ ಹೊರಟವರು ತೊಣ್ಣೂರಿನಲ್ಲಿ ತಿಂಡಿ ಮುಗಿಸಿ ಹತ್ತೂವರೆಯ ಸುಮಾರಿಗೆ ಮೇಲುಕೋಟೆ ತಲುಪಬಹುದು.

'ಒಬ್ಬನನ್ನೇ ಹೇಗೆ ಕಳಿಸುವುದು?' ಎಂಬ ಪ್ರಶ್ನೆ ಉಳಿಯುತ್ತದೆ. ಮೊದಲ ಸಲ ಒಬ್ಬನನ್ನೇ ಕಳಿಸಿ ಎಂದು ಯಾರೂ ಹೇಳುವುದಿಲ್ಲ. ನೀವೂ ಒಂದು ಬಾಡಿಗೆ ಸೈಕಲ್ ಹಿಡಿದು ಜೊತೆಗೆ ಹೋಗಿ. ಆಗದಿದ್ದರೆ ಸ್ಕೂಟರಿನಲ್ಲಿ ಮೊದಲೇ ಒಮ್ಮೆ ದಾರಿ ಸುತ್ತಿ ಬನ್ನಿ. ಎಲ್ಲಿ ನಾಲೆ ಹತ್ತಿರವಾಗುತ್ತದೆ, ಎಲ್ಲಿ ಹೆದ್ದಾರಿ ಅಡ್ಡ ಬರುತ್ತದೆ ಎಂದು ಕಾಗದದ ಮೇಲೆ ಮಗುವಿನ ಕೈಯಿಂದಲೇ ಗುರುತು ಹಾಕಿಸಿ. ದಾರಿಯನ್ನು ತಾನೇ ಬರೆದ ಮಗು ಅದನ್ನು ಮರೆಯುವುದು ಕಷ್ಟ. ಮುಂದಿನ ಸಲ ಮೂರು ನಾಲ್ಕು ಮಂದಿ ಗೆಳೆಯರು ಒಟ್ಟಾಗಿ ಹೊರಡಲಿ, ಹುಡುಗಿಯರೂ.

ಮೇಲುಕೋಟೆಯಲ್ಲಿ ಕಲ್ಯಾಣಿಯ ಮೆಟ್ಟಿಲು, ಮುಗಿಯದೆ ನಿಂತ ರಾಯಗೋಪುರ, ಅಕ್ಕ ತಂಗಿ ಕೊಳ, 1905ರಲ್ಲಿ ಇಲ್ಲೇ ಹುಟ್ಟಿದ ಕವಿ ಪು.ತಿ.ನ. ಅವರ ಮನೆ ಎಲ್ಲವೂ ನಡೆದು ನೋಡುವಷ್ಟು ಹತ್ತಿರ. ಪುಳಿಯೋಗರೆ ಹಿತಮಿತವಾಗಿರಲಿ, ಹೊಟ್ಟೆ ಭಾರವಾದರೆ ಮಧ್ಯಾಹ್ನದ ಬಿಸಿಲಿನಲ್ಲಿ ತುಳಿಯಲಾಗದು. ವೈರಮುಡಿ ಉತ್ಸವದ ದಿನಗಳಲ್ಲಿ ಈ ಕಡೆ ಸೈಕಲ್ ತರಬೇಡಿ, ರಸ್ತೆ ತುಂಬ ವಾಹನ. ಭಾನುವಾರಕ್ಕಿಂತ ಶನಿವಾರ ವಾಸಿ. ಇಳಿಯುವ ಮುನ್ನ ಎರಡೂ ಬ್ರೇಕುಗಳ ರಬ್ಬರನ್ನು ಮುಟ್ಟಿ ನೋಡಿ, ಹಿಂದಿನದನ್ನು ಮೊದಲು, ಮುಂದಿನದನ್ನು ಮೆಲ್ಲಗೆ ಹಿಡಿಯುತ್ತ ಇಳಿಯಿರಿ. ಜಕ್ಕನಹಳ್ಳಿಯವರೆಗೆ ಪೆಡಲ್ ತುಳಿಯುವ ಕೆಲಸ ಹೆಚ್ಚಿಲ್ಲ.