ತುಂಟತನಕ್ಕೂ ತೊಂದರೆಗೂ ನಡುವಿನ ಗೆರೆ

ಜೂನ್‌ನಲ್ಲಿ ಎಲ್‌ಕೆಜಿಗೆ ಸೇರಿದ ಮಗುವಿನ ಡೈರಿಯಲ್ಲಿ ಜುಲೈ ಮುಗಿಯುವುದರೊಳಗೆ ಕೆಂಪು ಶಾಯಿಯ ಸಾಲೊಂದು ಕಾಣಿಸಿಕೊಳ್ಳುತ್ತದೆ: ‘ಒಂದು ಕಡೆ ಕೂರುವುದಿಲ್ಲ, ಹೇಳಿದ್ದನ್ನು ಕೇಳುವುದಿಲ್ಲ, ದಯವಿಟ್ಟು ಬಂದು ಕಾಣಿ’. ಅಲ್ಲಿಂದ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ‘ಇವರಪ್ಪನೂ ಹೀಗೇ ಇದ್ದ, ದೊಡ್ಡವನಾದರೆ ಸರಿಹೋಗುತ್ತಾನೆ’ ಎಂಬುದು ಅಜ್ಜಿಯ ಪಕ್ಷ. ಅಂತರ್ಜಾಲದ ಯಾವುದೋ ಪ್ರಶ್ನಾವಳಿಗೆ ಉತ್ತರಿಸಿ, ಮಗನಿಗೆ ‘ಎಡಿಎಚ್‌ಡಿ’ ಇದೆಯೆಂದು ರಾತ್ರೋರಾತ್ರಿ ತೀರ್ಮಾನಿಸಿ ನಿದ್ದೆಗೆಡುವವರದು ಇನ್ನೊಂದು ಪಕ್ಷ. ಈ ಗದ್ದಲದಲ್ಲಿ ಮಗುವನ್ನು ಸಾವಧಾನವಾಗಿ ನೋಡುವ ಕೆಲಸವೊಂದು ಹಿಂದೆ ಬೀಳುತ್ತದೆ.

ಗಮನ ಕೊರತೆ ಮತ್ತು ಅತಿಚಟುವಟಿಕೆಯ ದೋಷವೆಂದು ಕನ್ನಡದಲ್ಲಿ ಕರೆಯಬಹುದಾದ ಈ ಸ್ಥಿತಿ ನಗರಜೀವನವೋ ಮೊಬೈಲೋ ತಂದಿತ್ತ ಹೊಸ ಕಾಯಿಲೆಯಲ್ಲ. ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲೇ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನಲ್ಲಿ ನೀಡಿದ ಉಪನ್ಯಾಸಗಳಲ್ಲಿ, ಬುದ್ಧಿಯಲ್ಲಿ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ಹತೋಟಿಯಲ್ಲಿಟ್ಟುಕೊಳ್ಳಲಾಗದ ಮಕ್ಕಳನ್ನು ವರ್ಣಿಸಿದ್ದರು. ಹೊಸದೇನಾದರೂ ಇದ್ದರೆ, ಅದು ನಾಲ್ಕು ವರ್ಷದ ಕೂಸನ್ನು ಬೆಂಚಿಗೆ ಕಟ್ಟಿಹಾಕಿ ಅಕ್ಷರ ತಿದ್ದಿಸುವ ನಮ್ಮ ಅವಸರ. ಅದೇ ಮಗು ಅಂಗಳದಲ್ಲಿ ಓಡಾಡಿಕೊಂಡಿದ್ದ ಕಾಲದಲ್ಲಿ ಅದರ ಗಮನವನ್ನು ಅಳೆಯಲು ಯಾರೂ ಹೋಗುತ್ತಿರಲಿಲ್ಲ.

ಆ ವಯಸ್ಸಿಗೆ ಚಂಚಲತೆ ಸಹಜ. ಮನಸ್ಸಿಗೆ ಬಂದದ್ದನ್ನು ತಕ್ಷಣ ಮಾಡದಂತೆ ತಡೆಹಿಡಿಯುವ ಕೆಲಸ ಮಿದುಳಿನ ಮುಂಭಾಗದ್ದು. ಇಡೀ ಮಿದುಳಿನಲ್ಲಿ ಕೊನೆಗೆ ಬಲಿಯುವ ಭಾಗಗಳಲ್ಲಿ ಅದೂ ಒಂದು. ಆದ್ದರಿಂದ ಈ ಹಂತದಲ್ಲಿ ಕೆಲವೇ ತಿಂಗಳ ಅಂತರವೂ ಎದ್ದು ಕಾಣುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ಶಾಲಾ ಪ್ರವೇಶದ ವಯಸ್ಸನ್ನು ಡಿಸೆಂಬರ್ 31ಕ್ಕೆ ಲೆಕ್ಕ ಹಾಕುತ್ತಾರೆ. ಅಲ್ಲಿನ ಒಂಬತ್ತು ಲಕ್ಷಕ್ಕೂ ಹೆಚ್ಚು ಶಾಲಾ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜನವರಿಯಲ್ಲಿ ಹುಟ್ಟಿದವರಿಗೆ ಹೋಲಿಸಿದರೆ ಡಿಸೆಂಬರ್‌ನಲ್ಲಿ ಹುಟ್ಟಿದ ಹುಡುಗರಿಗೆ ಎಡಿಎಚ್‌ಡಿಯ ಹಣೆಪಟ್ಟಿ ಅಂಟುವ ಸಾಧ್ಯತೆ ಶೇ 30ರಷ್ಟು, ಹುಡುಗಿಯರಿಗೆ ಶೇ 70ರಷ್ಟು ಹೆಚ್ಚಿತ್ತು. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವರಾಗಿದ್ದುದೇ ಅವರಲ್ಲಿ ಎಷ್ಟೋ ಮಂದಿಗೆ ಕಾಯಿಲೆಯಾಗಿ ಪರಿಣಮಿಸಿತ್ತೆಂದು ಇದರರ್ಥ. ನಮ್ಮಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ 2022ರ ಆದೇಶಕ್ಕೆ ಪೋಷಕರಿಂದ ಎಷ್ಟು ವಿರೋಧ ಬಂದಿತೆಂಬುದನ್ನೂ, 2025ರಲ್ಲಿ ಆ ಸಾಲಿನ ಮಟ್ಟಿಗೆ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಅದನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಲಾಯಿತೆಂಬುದನ್ನೂ ಇಲ್ಲಿ ನೆನೆಯಬೇಕು. ಒಂದು ವರ್ಷ ಉಳಿಸಲು ಹೊರಡುವ ಪೋಷಕರು ಮಗುವನ್ನು ತರಗತಿಯ ಅತಿ ಕಿರಿಯ ಸ್ಥಾನದಲ್ಲಿ ಕೂರಿಸುತ್ತಾರೆ. ಆಮೇಲೆ ಅದು ಕೂರುವುದಿಲ್ಲವೆಂದು ಕೊರಗುತ್ತಾರೆ.

ಹಾಗಾದರೆ ಯಾವುದನ್ನು ನೋಡಬೇಕು? ಮಗು ಎಷ್ಟು ಓಡುತ್ತದೆ ಎಂಬುದಕ್ಕಿಂತ, ಆ ಓಟ ಮಗುವಿನದೇ ಆಟಕ್ಕೆ, ಗೆಳೆತನಕ್ಕೆ, ಜೀವಕ್ಕೆ ಅಡ್ಡಿಯಾಗುತ್ತಿದೆಯೇ ಎಂಬುದನ್ನು. ಚುರುಕಾದ ಮಗು ಮನೆಯನ್ನೆಲ್ಲ ಗುಡಿಸಿ ಗುಂಡಾಂತರ ಮಾಡಿದರೂ ತನಗೆ ಇಷ್ಟವಾದ ಆಟದಲ್ಲಿ ನಿಲ್ಲುತ್ತದೆ: ಅಡುಗೆಯಾಟದ ಅನ್ನ ಬೇಯುತ್ತದೆ, ಬಡಿಸಲ್ಪಡುತ್ತದೆ, ಗೊಂಬೆಗೆ ಉಣ್ಣಿಸುವವರೆಗೂ ಕಥೆ ಬೆಳೆಯುತ್ತದೆ. ನಿಜವಾದ ತೊಂದರೆಯಿರುವ ಮಗುವಿನಲ್ಲಿ ಆಟವೇ ಅರ್ಧಕ್ಕೆ ತುಂಡಾಗುತ್ತದೆ. ಕಟ್ಟಲು ತೆಗೆದ ಬ್ಲಾಕುಗಳನ್ನು ಬಿಟ್ಟು ಕಾರಿಗೆ, ಕಾರನ್ನು ಬಿಟ್ಟು ಚೆಂಡಿಗೆ, ಅಲ್ಲಿಂದ ಬಾಗಿಲಿಗೆ. ಪಾರ್ಕಿನ ಜಾರುಬಂಡೆಯ ಮುಂದೆ ಸರದಿ ಕಾಯಲಾಗದೆ ಪ್ರತಿ ಸಂಜೆ ಯಾರನ್ನಾದರೂ ತಳ್ಳುತ್ತಾನೆ. ಕೆಲವು ವಾರಗಳಲ್ಲಿ ಉಳಿದ ಮಕ್ಕಳು ಅವನನ್ನು ಕಂಡರೆ ದೂರ ಸರಿಯುತ್ತಾರೆ, ಹುಟ್ಟುಹಬ್ಬಗಳಿಗೆ ಕರೆ ಬರುವುದು ನಿಲ್ಲುತ್ತದೆ. ರಸ್ತೆಯಲ್ಲಿ ಹಿಡಿದ ಕೈ ಬಿಡಿಸಿಕೊಂಡು ಓಡುತ್ತಾನೆ, ಒಮ್ಮೆ ಪೆಟ್ಟಾದ ಜಾಗದಿಂದಲೇ ಮತ್ತೆ ಹಾರುತ್ತಾನೆ. ಗದರಿಸಿದಾಗ ಅವನಿಗೆ ನಿಜವಾಗಿಯೂ ಪಶ್ಚಾತ್ತಾಪವಾಗುತ್ತದೆ, ಐದು ನಿಮಿಷದಲ್ಲಿ ಅದೇ ಮರುಕಳಿಸುತ್ತದೆ.

‘ಟಿ.ವಿ. ಮುಂದೆ ಗಂಟೆಗಟ್ಟಲೆ ಕೂರುತ್ತಾನಲ್ಲ, ಗಮನವಿಲ್ಲವೆಂದರೆ ಹೇಗೆ?’ ಎಂದು ಕೇಳುವವರಿದ್ದಾರೆ. ಕ್ಷಣಕ್ಷಣಕ್ಕೂ ಚಿತ್ರ ಬದಲಾಗುವ ಪರದೆ ಮಗುವಿನಿಂದ ಪ್ರಯತ್ನವನ್ನೇ ಬೇಡುವುದಿಲ್ಲ. ಅದರ ಮುಂದೆ ಕೂತದ್ದರಿಂದ ತೊಂದರೆ ಇದೆಯೆಂದೂ ಇಲ್ಲವೆಂದೂ ಹೇಳಲಾಗದು. ಇನ್ನೊಂದು ಬಗೆಯ ಮಕ್ಕಳಿದ್ದಾರೆ, ಬಹುಪಾಲು ಹುಡುಗಿಯರು. ಇವರು ಯಾರಿಗೂ ಉಪದ್ರವ ಕೊಡುವುದಿಲ್ಲ, ಮೂಲೆಯಲ್ಲಿ ಕಿಟಕಿ ನೋಡುತ್ತ ಕೂತಿರುತ್ತಾರೆ, ಹೇಳಿದ ಎರಡು ಮಾತಿನಲ್ಲಿ ಒಂದನ್ನು ಮರೆಯುತ್ತಾರೆ. ಇಂಥವರ ಡೈರಿಯಲ್ಲಿ ಕೆಂಪು ಶಾಯಿ ಬೀಳುವುದೇ ಇಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪರಿಷ್ಕರಿಸಿದ ಕೈಪಿಡಿಯ ಪ್ರಕಾರ, ಮಕ್ಕಳಲ್ಲಿ ಗಮನ ಕೊರತೆಯ ಒಂಬತ್ತು ಲಕ್ಷಣಗಳಲ್ಲಿ ಅಥವಾ ಅತಿಚಟುವಟಿಕೆ-ದುಡುಕಿನ ಒಂಬತ್ತರಲ್ಲಿ ಕನಿಷ್ಠ ಆರು, ಆರು ತಿಂಗಳ ಕಾಲ, ವಯಸ್ಸಿಗೆ ಮೀರಿದ ಮಟ್ಟದಲ್ಲಿ ಇರಬೇಕು. ಕೆಲವಾದರೂ ಎರಡು ಬೇರೆ ಬೇರೆ ಕಡೆ ಕಾಣಬೇಕು. ಈ ಕೊನೆಯ ಷರತ್ತೇ ಪೋಷಕರಿಗೆ ಹೆಚ್ಚು ಉಪಯುಕ್ತ. ಶಾಲೆಯಲ್ಲಿ ಮಾತ್ರ ಕಾಣುವ ತೊಂದರೆಯ ಕಾರಣವನ್ನು ಮೊದಲು ಶಾಲೆಯಲ್ಲಿ ಹುಡುಕಬೇಕು.

ಆ ಕಾರಣ ಹಲವೊಮ್ಮೆ ಭಾಷೆ. ಮನೆಯಲ್ಲಿ ಕನ್ನಡವೋ ತುಳುವೋ ಉರ್ದುವೋ ಆಡುವ ಮಗುವನ್ನು ಇಂಗ್ಲಿಷ್ ಮಾಧ್ಯಮದ ಎಲ್‌ಕೆಜಿಯಲ್ಲಿ ಬಿಟ್ಟರೆ, ಮಿಸ್ ಹೇಳುವುದು ಅದಕ್ಕೆ ಕೆಲವು ತಿಂಗಳು ಬರಿಯ ಸದ್ದು. ಅರ್ಥವಾಗದ ಸದ್ದಿಗೆ ದೊಡ್ಡವರಾದ ನಾವೂ ಎಷ್ಟು ಹೊತ್ತು ಗಮನ ಕೊಟ್ಟೇವು? ಕಿವಿಯದು ಇನ್ನೊಂದು ಕಥೆ. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ನೀರು ನಿಂತು, ಕೆಲವು ದಿನ ಕೇಳಿಸಿ ಕೆಲವು ದಿನ ಕೇಳಿಸದಂತಾಗುತ್ತದೆ. ‘ಬೇಕೆಂದೇ ಕೇಳಿಸಿಕೊಳ್ಳುವುದಿಲ್ಲ’ ಎಂಬ ಆರೋಪ ಇಂಥ ಮಗುವಿನ ಮೇಲೆ ಬರುವುದು ಅನಿವಾರ್ಯ. ಅಡಿನಾಯ್ಡ್ ಊದಿ, ಬಾಯಿ ತೆರೆದು ಗೊರಕೆ ಹೊಡೆಯುವ ಮಗುವಿನ ನಿದ್ದೆ ರಾತ್ರಿಯಿಡೀ ಕೆಡುತ್ತದೆ. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ, ಮಕ್ಕಳು ಬಾಲ ಸುಟ್ಟ ಬೆಕ್ಕಿನಂತಾಡುತ್ತಾರೆ. ಮೂರು-ನಾಲ್ಕರ ವಯಸ್ಸಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಪರದೆಯ ಮುಂದೆ ಒಂದು ಗಂಟೆಗಿಂತ ಹೆಚ್ಚು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಮ್ಮ ಎಷ್ಟು ಮನೆಗಳಲ್ಲಿ ಈ ಲೆಕ್ಕ ತಿರುಗುಮುರುಗಾಗಿದೆಯೋ! ಕಬ್ಬಿಣಾಂಶದ ಕೊರತೆಯೂ ಮಗುವಿನ ಗಮನವನ್ನು ಕದಡುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 67ರಷ್ಟು ಮಂದಿಗೆ ರಕ್ತಹೀನತೆಯಿದೆ. ಹೀಗಾಗಿ ಕಿವಿ, ಕಣ್ಣು, ನಿದ್ದೆ, ರಕ್ತ ಇವುಗಳ ತಪಾಸಣೆಯಾಗದೆ ಮಗುವಿಗೆ ಯಾವ ಹೆಸರನ್ನೂ ಅಂಟಿಸಬಾರದು.

ಇಷ್ಟೆಲ್ಲ ಜರಡಿ ಹಿಡಿದ ಮೇಲೂ ಕೆಲವು ಮಕ್ಕಳು ಉಳಿಯುತ್ತಾರೆ. ಅವರ ವಿಷಯದಲ್ಲಿ ಅಜ್ಜಿಯ ಮಾತು ಅರ್ಧ ಮಾತ್ರ ನಿಜ. ಆನುವಂಶಿಕತೆಯ ಪಾಲು ಇಲ್ಲಿ ಬಹಳ ದೊಡ್ಡದು, ‘ಇವರಪ್ಪನೂ ಹೀಗೇ ಇದ್ದ’ ಎಂಬುದು ವೈದ್ಯರಿಗೆ ಮುಖ್ಯ ಸುಳಿವು. ಆದರೆ ತಾನಾಗಿ ಸರಿಹೋಗುವ ಭರವಸೆಗೆ ಆಧಾರ ಕಡಿಮೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ನೆರವಿನಿಂದ ಮೂರರಿಂದ ಐದೂವರೆ ವರ್ಷದ 303 ಮಕ್ಕಳನ್ನು ಸೇರಿಸಿಕೊಂಡು ನಡೆದ, 2006ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಲಕ್ಷಣಗಳು ತೀವ್ರವಾಗಿದ್ದ ಆ ಮಕ್ಕಳನ್ನು ಆರು ವರ್ಷಗಳ ನಂತರ ಮತ್ತೆ ಪರೀಕ್ಷಿಸಿದಾಗ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಯಲ್ಲಿ ತೊಂದರೆ ಉಳಿದೇ ಇತ್ತು. ಅದೇ ಅಧ್ಯಯನ ಔಷಧದ ಮಿತಿಯನ್ನೂ ತೋರಿಸಿತು. ಮಿಥೈಲ್‌ಫೆನಿಡೇಟ್ ಈ ಎಳೆಯರಲ್ಲಿ ಕೆಲಸ ಮಾಡಿತಾದರೂ ದೊಡ್ಡ ಮಕ್ಕಳಲ್ಲಿ ಮಾಡುವಷ್ಟಲ್ಲ; ಹಸಿವು ಕುಗ್ಗಿತು, ನಿದ್ದೆ ಕೆಟ್ಟಿತು, ಬೆಳವಣಿಗೆ ನಿಧಾನವಾಯಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲೂ 2019ರಲ್ಲೂ ಹೊರಡಿಸಿದ ಮಾರ್ಗಸೂಚಿಗಳಲ್ಲಿ ಶಾಲಾಪೂರ್ವ ವಯಸ್ಸಿಗೆ ಮೊದಲ ಚಿಕಿತ್ಸೆಯೆಂದು ಹೇಳಿರುವುದು ಪೋಷಕರಿಗೆ ನೀಡುವ ತರಬೇತಿಯನ್ನು.

ತರಬೇತಿ ಎಂದರೆ ಉಪದೇಶವಲ್ಲ. ಒಂದು ಸಲಕ್ಕೆ ಒಂದೇ ಮಾತನ್ನು, ಮಗುವಿನ ಹತ್ತಿರ ಹೋಗಿ, ಕಣ್ಣು ನೋಡಿ ಹೇಳುವುದು. ಎರಡು ನಿಮಿಷ ಸುಮ್ಮನೆ ಕೂತರೂ ಆ ಕ್ಷಣವೇ ಮೆಚ್ಚುವುದು. ಸಣ್ಣ ಕಿರಿಕಿರಿಗಳನ್ನು ಕಾಣದಂತಿರುವುದು. ಏಳುವ, ಉಣ್ಣುವ, ಮಲಗುವ ಹೊತ್ತನ್ನು ದಿನವೂ ಒಂದೇ ರೀತಿ ಇಡುವುದು. ಕೇಳಲು ಸುಲಭ. ಸಂಜೆ ಏಳಕ್ಕೆ ಟ್ರಾಫಿಕ್‌ನಿಂದ ಬಳಲಿ ಮನೆಗೆ ಬಂದವರಿಗೆ ಎಷ್ಟು ಕಷ್ಟವೆಂಬುದು ಮಾಡಿದವರಿಗೇ ಗೊತ್ತು. ‘ದಂಡಂ ದಶಗುಣಂ’ ಎಂಬ ನಮ್ಮ ಹಳೆಯ ನಂಬಿಕೆ ಇಲ್ಲಿ ಪೂರ್ತಿ ಸೋಲುತ್ತದೆ: ಹೊಡೆತದ ನೆನಪು ಮುಂದಿನ ದುಡುಕನ್ನು ತಡೆಯುವುದಿಲ್ಲ, ತಾನು ಕೆಟ್ಟವನೆಂಬ ನಂಬಿಕೆ ಮಾತ್ರ ಗಟ್ಟಿಯಾಗುತ್ತದೆ. ಐದನೆಯ ವಯಸ್ಸಿಗೇ ಎರಡು ನರ್ಸರಿಗಳಿಂದ ಹೊರಬಿದ್ದ ಮಗು ಈ ಪಾಠವನ್ನು ಅಕ್ಷರಕ್ಕಿಂತ ಮೊದಲು ಕಲಿತಿರುತ್ತದೆ.

ನೆರವು ದೂರವೇನಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವಿದೆ, ಮಾತು ಮತ್ತು ಶ್ರವಣದ ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಸೇರಿದೆ. ಅದರ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆರಡು ಸಲ ಭೇಟಿ ನೀಡಬೇಕು. ಶುಲ್ಕ ತೆತ್ತು ಖಾಸಗಿ ನರ್ಸರಿಗೆ ಸೇರಿಸಿದ ನಮ್ಮ ಮಕ್ಕಳು ಈ ವ್ಯವಸ್ಥೆಯ ಕಣ್ಣಿಗೆ ಬೀಳುವುದಿಲ್ಲವೆಂಬುದು ವಿಚಿತ್ರ, ಆದರೆ ವಾಸ್ತವ. ಹಾಗಾಗಿ ಮೊದಲ ಹೆಜ್ಜೆ ಪೋಷಕರೇ ಇಡಬೇಕು. ಮೊದಲು ಮಗುವಿನ ಮಾಮೂಲಿ ವೈದ್ಯರಲ್ಲಿಗೆ, ಬರಿಗೈಯಲ್ಲಿ ಹೋಗದೆ, ಎರಡು ವಾರ ಬರೆದಿಟ್ಟ ಟಿಪ್ಪಣಿಯೊಂದಿಗೆ: ಏನು ನಡೆಯಿತು, ಅದಕ್ಕೆ ಮುಂಚೆ ಏನಾಗುತ್ತಿತ್ತು, ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿತ್ತು. ಶಿಕ್ಷಕಿಯ ಅಭಿಪ್ರಾಯ ಬೇರೆಯಾಗಿಯೇ ಬರೆಸಿಕೊಂಡಿರಬೇಕು. ‘ಆರು ತಿಂಗಳು ನೋಡೋಣ’ ಎಂದು ವೈದ್ಯರು ಹೇಳಿದರೆ, ಆ ಆರು ತಿಂಗಳಲ್ಲಿ ಮನೆಯಲ್ಲಿ ಮಾಡಬೇಕಾದದ್ದೇನು, ಮರಳಿ ಬರಬೇಕಾದ ದಿನ ಯಾವುದು ಎಂಬುದನ್ನು ಚೀಟಿಯ ಮೇಲೆ ಬರೆಸಿಕೊಂಡೇ ಹೊರಬರಬೇಕು.